ಬಸ್ಸಿನಲ್ಲಿ ಓದಿಕೊಟ್ಟ ಸುವಾರ್ತೆ

ಎಪ್ಪತ್ತರ ದಶಕದ ಕೊನೆಯ ಮಾತು. ಕತ್ರಿಗುಪ್ಪೆಯಿಂದ ನಾನು ಆಫೀಸಿಗೆ ಹೋಗ್ತಿದ್ದ ಬಸ್ಸಿನಲ್ಲಿ ಒಬ್ಬಾಕೆ ದಿನಾ ಬೈಬಲಿನ ಸುವಾರ್ತೆ ಓದ್ತಾ ಕೂತಿರ್ತಿದ್ದಳು. ಪುಸ್ತಕಕ್ಕೆ ಸ್ಕೂಲ್ ಮಕ್ಕಳ ಹಾಗೆ ಕಾಕಿ ಬೈಂಡ್ ಹಾಕಿದ್ದಳು. ನಮ್ಮ ಚರ್ಚಿನಲ್ಲಿ ಹಾಡು ಎತ್ತಿಕೊಡೋಳು ನಾನೇ. ಆದ್ರೂ ಆಕೆಯನ್ನ ನೋಡಿದ್ರೆ ಹೊಟ್ಟೆ ಉರಿಯೋದು.

ಒಂದು ದಿನ ಪಕ್ಕದಲ್ಲೇ ಬಂದು ಕೂತಳು. ನನ್ನ ಕೊರಳಿನ ಶಿಲುಬೆ ನೋಡಿ, "ಅಕ್ಕ, ಕನ್ನಡಕ ಮರೆತು ಬಂದೆ. ಇವತ್ತಿನ ಭಾಗ ಸ್ವಲ್ಪ ಓದಿ ಹೇಳ್ತೀರಾ?" ಅಂದಳು.

ವರ್ಷದ ಒಂದೊಂದು ದಿನಕ್ಕೂ ಇಂಥ ಭಾಗ ಓದ್ಬೇಕು ಅಂತ ಚರ್ಚಿನವರು ಗೊತ್ತುಮಾಡಿರ್ತಾರೆ; ಅವತ್ತಿನದನ್ನ ಓದಿದೆ. ಬಸ್ಸು ಕುಲುಕಿ ಒಂದು ಸಾಲು ಬಿಟ್ಟುಹೋಯ್ತು. ಆಕೆ ಕಣ್ಣು ಮುಚ್ಚಿಕೊಂಡೇ ಆ ಸಾಲು ಹೇಳಿದಳು.

"ಬಾಯಿಪಾಠ ಬರತ್ತಲ್ಲ, ಮತ್ಯಾಕ್ರೀ ಓದ್ಬೇಕು?" ಅಂದೆ, ಸಿಡುಕಿಕೊಂಡೇ.

"ಹೋದ ವರ್ಷ ಇದನ್ನ ಓದಿದಾಗ ನಮ್ಮೆಜಮಾನ್ರು ಬದುಕಿದ್ರು. ಈ ವರ್ಷ ಅದೇ ಮಾತು ನಂಗೇನು ಹೇಳತ್ತೋ ಕೇಳ್ಬೇಕಲ್ಲ."

ಅತ್ತಿದ್ದರೆ ಸಮಾಧಾನ ಮಾಡಿ ನಾನೇ ಗೆಲ್ಲಬಹುದಿತ್ತು. ಆಕೆ ಅಳಲಿಲ್ಲ. ಜಯನಗರ ಬಂದಾಗ "ಬರ್ತೀನಿ ಅಕ್ಕ" ಅಂತ ನಗುತ್ತಾ ಇಳಿದು ಹೋದಳು.

ಸಂಜೆ ಮನೇಲಿ ಶೋಕೇಸಿನಿಂದ ನನ್ನ ಬೈಬಲ್ ತೆಗೆದೆ. ಮದುವೆಗೆ ಬಂದ ಉಡುಗೊರೆ ಅದು. ಚಿನ್ನದ ಬಣ್ಣದ ಅಂಚು ಒಂದಕ್ಕೊಂದು ಅಂಟಿಕೊಂಡು, ಹಾಳೆಗಳನ್ನ ಉಗುರಿನಲ್ಲಿ ಬಿಡಿಸಬೇಕಾಯ್ತು.

ಅವತ್ತಿನಿಂದ ಓದೋದು ತಪ್ಪಿಸಿಲ್ಲ. ಹೊಟ್ಟೆಕಿಚ್ಚು ಕೆಟ್ಟದ್ದು ಅನ್ನೋ ಭಾಗವೂ ವರ್ಷಕ್ಕೊಮ್ಮೆ ಬರುತ್ತೆ. ಅದನ್ನ ಆಕೆ ನನಗಿಂತ ಚೆನ್ನಾಗಿ ಓದ್ತಿರ್ತಾಳೆ ಅಂತ ಆ ದಿನ ಹೊಟ್ಟೆ ಇನ್ನೂ ಜಾಸ್ತಿ ಉರಿಯುತ್ತೆ.