ಕಿಡಿ ಹಾರಿದ ಮಾತ್ರಕ್ಕೆ

ನಮ್ಮಪ್ಪನಿಗೆ ತನ್ನ ಕಣ್ಣು, ಕಿವಿಯ ಮೇಲೆ ಅಪಾರ ನಂಬಿಕೆ. ಅಟ್ಟದ ಮೇಲಿನ ತೆಂಗಿನಕಾಯನ್ನು ಕಿವಿ ಹತ್ತಿರ ಹಿಡಿದು ಕುಲುಕಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೋ ಇಲ್ಲವೋ ಹೇಳುತ್ತಾನೆ. ತಪ್ಪುವುದಿಲ್ಲ. ಅದೇ ಧೈರ್ಯದಲ್ಲಿ ಬೋರ್‌ವೆಲ್ ಮೋಟಾರಿನ ಕೆಪಾಸಿಟರನ್ನೂ ಪರೀಕ್ಷೆ ಮಾಡುತ್ತಿದ್ದ. ಮೋಟಾರ್ ತಿರುಗಲು ಒತ್ತಾಸೆ ಕೊಡುವ ಆ ಡಬ್ಬಿ ಅವನ ಬಾಯಲ್ಲಿ ಕಂಡೆನ್ಸರ್. ಅದಕ್ಕೆ ಕರೆಂಟು ಕೊಟ್ಟು, ತೆಗೆದು, ಎರಡು ವೈರು ತಾಗಿಸುವುದು. ಚಟ್ ಎಂದು ಕಿಡಿ ಹಾರಿದರೆ ಸರಿಯಿದೆ ಎಂದು ತೀರ್ಮಾನ. ನಮ್ಮೂರು ಹಾಲ್ಕುರಿಕೆಯ ಸುತ್ತ ಎಲ್ಲ ತೋಟದಲ್ಲೂ ಇದೇ ಶಾಸ್ತ್ರ. ತಿಪಟೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪ್ರಯೋಗ ಕಲಿಸುವ ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಈ ಬೇಸಿಗೆಯಲ್ಲಿ ಮೋಟಾರ್ ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ಅಪ್ಪ ಕಿಡಿ ನೋಡಿ, "ಕಂಡೆನ್ಸರ್ ಚೆನ್ನಾಗೈತೆ, ಮೋಟ್ರೇ ಸುಟ್ಟೋಗೈತೆ, ಎತ್ತಿಸ್ಬೇಕು" ಎಂದು ಫೋನ್ ಮಾಡಿದ. ನನಗೆ ಜೀವವೇ ಹಾರಿತು. ಹಿಂದೊಮ್ಮೆ ಬೇರೆ ಬೋರಿನಿಂದ ಮೋಟಾರ್ ಮೇಲೆತ್ತಿಸುವಾಗ ಪೈಪು ತುಂಡಾಗಿ, ಮೋಟಾರ್ ಒಳಗೇ ಉಳಿದು, ಆ ಬೋರನ್ನೇ ಕೈಬಿಟ್ಟಿದ್ದೆವು. ಇದೂ ಹೋದರೆ ಹೊಸದಾಗಿ ನೆಟ್ಟ ತೆಂಗಿನ ಸಸಿಗಳ ಕಥೆ ಮುಗಿದ ಹಾಗೆಯೇ. "ನಾನು ಬರೋಗಂಟ ಯಾರೂ ಮುಟ್ಟಬೇಡಿ" ಎಂದು ಮೀಟರ್ ಹಿಡಿದು ಬಸ್ಸು ಹತ್ತಿದೆ.

ತೋಟಕ್ಕೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ, ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಬಲ್ಬಿಗೆ ಇಳಿಸಿ, ಅದನ್ನು ಪೂರ್ತಿ ಬಿಚ್ಚಿ ಹೊರಗಿಟ್ಟೆ. ವೈರು ಬಿಚ್ಚದೆ ಅಳೆದರೆ ಮೋಟಾರೂ ಅಳತೆಯೊಳಗೆ ಬಂದು ಕೂರುತ್ತದೆ. ಮೇಲೆ ಬರೆದದ್ದು ಎಪ್ಪತ್ತೆರಡು ಮೈಕ್ರೋಫ್ಯಾರಡ್. ಮೀಟರ್ ತೋರಿಸಿದ್ದು ಮೂವತ್ತೊಂದು.

"ನಿನ್ ಮೀಟ್ರು ಸುಳ್ಳೇಳ್ತೈತೆ ಬುಡು. ಕಿಡಿ ನಾನೇ ಕಣ್ಣಾರೆ ನೋಡಿವ್ನಿ."

"ಅರ್ಧ ಸತ್ತಿದ್ರೂ ಕಿಡಿ ಹಾರ್ತದೆ ಕಣಪ್ಪ!" ಎಂದು ರೇಗಿ, ಬರುವಾಗಲೇ ತಂದಿದ್ದ ಅದೇ ಎಪ್ಪತ್ತೆರಡರ ಹೊಸ ಕೆಪಾಸಿಟರನ್ನು ಅದೇ ಮೀಟರಿನಲ್ಲಿ ಅಳೆದು ತೋರಿಸಿದೆ. ಎಪ್ಪತ್ತೊಂದೂವರೆ.

ಆಮೇಲೆ ಬೋರಿನೊಳಗಿನ ಮೋಟಾರಿನ ವೈಂಡಿಂಗ್, ಅಂದರೆ ತಂತಿಯ ಸುರುಳಿಯನ್ನು, ಮೇಲೆ ಬಂದ ಕೇಬಲ್ಲಿನ ತುದಿಯಲ್ಲೇ ಅಳೆದೆ. ಅದು ಕರೆಂಟಿಗೆ ಒಡ್ಡುವ ತಡೆ ಕೆಲವೇ ಓಮ್. ಮೀಟರಿನ ವೈರಿನದೂ ಅದರಲ್ಲಿ ಸೇರಿಕೊಂಡುಬಿಡುತ್ತದೆ. ಮೊದಲು ಎರಡು ಮೊನೆ ಕೂಡಿಸಿ ವೈರಿನದನ್ನು ನೋಡಿಕೊಂಡು, ಬಂದ ಅಳತೆಯಿಂದ ಕಳೆದೆ. ಮೋಟಾರ್ ಇಳಿಸಿದ ಹೊಸದರಲ್ಲಿ ನಾನೇ ಅಳೆದದ್ದಕ್ಕೆ ಸರಿಯಾಗಿ ತಾಳೆಯಾಯಿತು. ಮೋಟಾರ್ ಸುಟ್ಟಿರಲಿಲ್ಲ.

ಹೊಸ ಕೆಪಾಸಿಟರ್ ಕೂರಿಸಿ ಸ್ವಿಚ್ ಒತ್ತಿದೆ. ಪೈಪು ಒಮ್ಮೆ ಕೆಮ್ಮಿತು, ನೀರು ಧೋ ಎಂದು ತೊಟ್ಟಿಗೆ ಬಿತ್ತು. ಅಬ್ಬಾ, ಎಷ್ಟು ಹೆಮ್ಮೆಯಾಯಿತು ನನಗೆ! ಸೀರೆ ನೆನೆದರೂ ಅಲ್ಲೇ ನಿಂತಿದ್ದೆ. ಅಪ್ಪ "ಹ್ಞೂಂ" ಎಂದಷ್ಟೇ ಹೇಳಿ ಸಸಿಗಳ ಕಡೆ ಹೋದ.

ಮೊನ್ನೆ ತಿಪಟೂರಿನ ನಮ್ಮ ಮನೆಗೆ ಬಂದ. ಟವೆಲ್ಲಿನಲ್ಲಿ ಏನೋ ಸುತ್ತಿತ್ತು. ಬಿಚ್ಚಿದರೆ ಪಕ್ಕದ ತೋಟದವರ ಕೆಪಾಸಿಟರ್.

"ಕಿಡಿ ನೋಡಕ್ ಹೋಗಿದ್ರು, ಬೈದು ಕಿತ್ಕೊಂಡ್ ಬಂದೆ. ನನ್ ಮಗಳು ಹೇಳೋಗಂಟ ಮೋಟ್ರು ಎತ್ಕೂಡದು ಅಂದಿವ್ನಿ. ಅಳೆಯವ್ವ."