ಎರಡು ಕೋಣೆಗಳ ಸಿಲ್ವರ್‌ಫಿಶ್

ತೆಲಂಗಾಣ ರಾಜ್ಯವಾಗಿ ಐದಾರು ವರ್ಷಗಳಾಗಿದ್ದವು. ಹೈದರಾಬಾದಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ನಾನು ಹಿರಿಯ ಕೀಟತಜ್ಞೆಯಾಗಿದ್ದೆ. ಹಿಮಾಯತ್‌ನಗರದ ಖಾಸಗಿ ಗ್ರಂಥಾಲಯವೊಂದರ ಕಾರ್ಯದರ್ಶಿ ದೇಸಾಯಿಯವರು ನನ್ನನ್ನು ಕರೆಸಿದ್ದರು. ಅವರಿಗೆ ಬೇಕಾದದ್ದು ನನ್ನ ಸಹಿಯೊಂದೇ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಅವರು ಎ.ಸಿ. ಹಾಕಿಸಿ ಕಟ್ಟಿಸಿದ್ದ ಹೊಸ ಕೋಣೆಯಲ್ಲಿ ಪುಸ್ತಕಗಳ ರಟ್ಟನ್ನು ಸಿಲ್ವರ್‌ಫಿಶ್ ಕೆರೆದು ತಿಂದಿತ್ತು. ಕಾಗದ, ಅಂಟು ತಿಂದು ಬದುಕುವ, ರೆಕ್ಕೆಯಿಲ್ಲದ ಪುಟ್ಟ ಹುಳು ಅದು. ಪಕ್ಕದ ಹಳೆಯ ಕೋಣೆಯಲ್ಲಿ ನಿಜಾಮರ ಕಾಲದ ಕನ್ನಡ, ಉರ್ದು, ಮರಾಠಿ ಪುಸ್ತಕಗಳಿದ್ದವು. ಗೋಡೆಯಲ್ಲಿ ತೇವವಿತ್ತು, ಅಲ್ಲೂ ಸಿಲ್ವರ್‌ಫಿಶ್ ಇತ್ತು. ಹುಳು ಅಲ್ಲಿಂದಲೇ ಬಂತೆಂದು ನಾನು ಬರೆದುಕೊಟ್ಟರೆ ಆ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ, ಜಾಗವನ್ನು ಸಭಾಂಗಣ ಮಾಡುವುದು ಸಮಿತಿಯ ಯೋಜನೆಯಾಗಿತ್ತು.

ಗ್ರಂಥಪಾಲಕಿ ಶಾಂತಾಬಾಯಿ ಒಬ್ಬರೇ ಅದಕ್ಕೆ ಅಡ್ಡ ನಿಂತಿದ್ದರು. "ತಪ್ಪು ನಂದಂತ ಬೇಕಾದ್ರ ಬರೀರಿ ಮೇಡಂ. ಪುಸ್ತಕಾ ಮಾತ್ರ ಹೊರಗ ಹಾಕಸಬ್ಯಾಡ್ರಿ," ಎಂದರು.

ಎರಡೂ ಕೋಣೆಗಳಲ್ಲಿ ಗಾಜಿನ ಸೀಸೆಗಳನ್ನಿಟ್ಟೆ. ಹೊರಗೆ ಸುತ್ತಿದ ಕಾಗದದ ಟೇಪ್ ಹಿಡಿದು ಹುಳು ಮೇಲೇರುತ್ತದೆ. ಒಳಗೆ ಬಿದ್ದರೆ ನುಣುಪಾದ ಗಾಜನ್ನು ಹತ್ತಲಾರದು. ಸಿಕ್ಕ ಹುಳುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗ ನನಗೆ ಅನುಮಾನ ಉಳಿಯಲಿಲ್ಲ. ಹಳೆಯ ಕೋಣೆಯದು ತೇವ ಬಯಸುವ ಸಾಮಾನ್ಯ ಸಿಲ್ವರ್‌ಫಿಶ್: ಮಿರುಗುವ ನುಣುಪು ಮೈ, ಗಿಡ್ಡ ಬಾಲದೆಳೆಗಳು. ಹೊಸ ಕೋಣೆಯದು ಬೂದುಬಣ್ಣದ್ದು. ಬಾಲದೆಳೆಗಳು ಹೆಚ್ಚುಕಡಿಮೆ ಮೈಯಷ್ಟೇ ಉದ್ದ, ಬೆನ್ನಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗುಂಪುಗುಂಪಾದ ಬಿರುಗೂದಲು. ಇದು ಅಷ್ಟು ತೇವವಿಲ್ಲದೆಡೆಯೂ ಬದುಕುವ ಬೇರೆಯೇ ಪ್ರಭೇದ. ಹಳೆಯ ಕೋಣೆಯಲ್ಲಿ ಇಂಥದ್ದು ಒಂದೂ ಸಿಗಲಿಲ್ಲ.

ಸಮಿತಿಯ ಸಭೆಗೆ ಮೈಕ್ರೋಸ್ಕೋಪನ್ನೇ ಹೊತ್ತುಕೊಂಡು ಹೋದೆ.

"ಹುಳ ಅಂದ್ರ ಹುಳಾನ ರೀ. ಸಿಲ್ವರ್‌ಫಿಶ್ ಅಂತ ಬರದು ಸಹಿ ಮಾಡ್ರಿ, ಕಿಸ್ಸಾ ಖತಂ," ಎಂದರು ದೇಸಾಯಿ.

"ಎರಡೂ ಬ್ಯಾರೆ ಬ್ಯಾರೆ ಅದಾವ್ರಿ."

"ಒಂದರ ಬಾಲ ಮುರದಿರಬೇಕು."

"ಬಾಲ ಮುರೀತಾವ, ಖರೇ. ಅದಕ್ಕ ಬಾಲ ಬಿಡ್ರಿ, ಬೆನ್ನಿನ ಅಂಚು ನೋಡ್ರಿ."

ಅವರು ಕುರ್ಚಿಯಿಂದ ಏಳಲಿಲ್ಲ. "ನಿಮ್ಮ ಡೈರೆಕ್ಟರ್ ಸಾಹೇಬ್ರು ನಮಗ ಭಾಳ ಬೇಕಾದವರು," ಎಂದರು.

"ಅವರನ್ನೂ ಕರೀರಿ. ಅವರಿಗೂ ಇದನ್ನ ತೋರಸ್ತೀನಿ."

ಹೊಸ ಕೋಣೆಯ ಮೂಲೆಯಲ್ಲಿ, ಹೊಸ ಪುಸ್ತಕಗಳು ಬಂದಿದ್ದ ರಟ್ಟಿನ ಪೆಟ್ಟಿಗೆಗಳು ಇನ್ನೂ ಬಿದ್ದಿದ್ದವು. ಒಂದನ್ನು ತಂದು ಮೇಜಿನ ಮೇಲಿಟ್ಟು, ಅದರ ಪದರವನ್ನು ಎಲ್ಲರೆದುರು ಸೀಳಿದೆ. ಬೂದು ಹುಳುಗಳು ದೇಸಾಯಿಯವರ ಫೈಲಿನ ಮೇಲೆಯೇ ಹರಿದಾಡಿದವು. ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ಎದ್ದು ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಹಳೆಯ ಪುಸ್ತಕಗಳನ್ನು ಉಳಿಸಿ, ಗೋಡೆ ರಿಪೇರಿ ಮಾಡಿಸುವುದೆಂದು ಅಂದೇ ತೀರ್ಮಾನವಾಯಿತು.

ಆ ಗ್ರಂಥಾಲಯದವರು ನನ್ನನ್ನು ಮತ್ತೆ ಕರೆಯಲಿಲ್ಲ. ಡೈರೆಕ್ಟರ್ ಕೆಲವು ತಿಂಗಳು ಮುಖ ಕೊಟ್ಟು ಮಾತನಾಡಲಿಲ್ಲ. ನನಗೆ ಅದರಿಂದ ಒಂದು ದಿನವೂ ನಿದ್ದೆ ಕೆಡಲಿಲ್ಲ. ಸಣ್ಣ ವ್ಯತ್ಯಾಸವನ್ನು ನೋಡಲು ಕಲಿಸುವುದು ವಿದ್ಯೆ. ನೋಡಿದ ಮೇಲೆ, ಎದುರಿಗೆ ಯಾರೇ ಕೂತಿರಲಿ, ಕಾಣಲಿಲ್ಲವೆಂದು ಬರೆಯದಿರುವುದೇ ವೃತ್ತಿ.