ತಾತನ ಕಂಬಳಿಯೊಳಗಿಂದ ಕಂಡ ಜಿಂಕೆ

ಆಗೆಲ್ಲ ಕೊಡಿಗೇನಹಳ್ಳಿ ಶಾಲೆಯ ಮಕ್ಕಳಿಗೆ ಪ್ರವಾಸವೆಂದರೆ ವಾರದ ಮೊದಲಿನಿಂದಲೇ ಊಟ ಸೇರುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು, "ಈ ಸಲ ಬಂಡೀಪುರ. ಆನೆ, ಜಿಂಕೆ, ನವಿಲು ಎಲ್ಲ ನೋಡಬಹುದು" ಅಂದಿದ್ದೇ ತಡ, ನನಗೆ ಕುಂಟೆಬಿಲ್ಲೆಯೂ ಬೇಡವಾಯಿತು. ಕುರಿ ಕಾಯುವ ಮನೆಯವಳು ನಾನು. ಜಿಂಕೆ ನಮ್ಮೂರ ಹುಲ್ಲುಗಾವಲಲ್ಲೂ ಇದ್ದವು, ಆದರೆ ಕಂಡವು ಅನ್ನುವಷ್ಟರಲ್ಲಿ ಮಾಯ. ಒಂದನ್ನಾದರೂ ಅದರ ಕಣ್ಣು ಕಾಣುವಷ್ಟು ಹತ್ತಿರದಿಂದ ನೋಡಬೇಕೆಂದು ನನ್ನ ಆಸೆ.

ಹಾಳಾದ್ದು, ಪ್ರವಾಸ ಇನ್ನೇನು ಬಂತು ಅನ್ನುವಾಗ ನಾನು ಮೈನೆರೆದೆ.

"ದೊಡ್ಡೋಳಾದ ಹುಡ್ಗಿ ರಾತ್ರಿಯೆಲ್ಲ ಬಸ್ನಾಗೆ ಹೋಗೋದಾ? ಸುಮ್ಕೆ ಬಿದ್ದಿರು" ಅಂದಳು ಅಮ್ಮ.

ಬಸ್ಸು ಹೊರಟ ದಿನ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದೆ. ತಾತ ಕಂಬಳಿ ಹೆಗಲಿಗೇರಿಸಿ ಬಂದ.

"ಏಳಮ್ಮ, ಜಿಂಕೆ ನೋಡಾನ ಬಾ."

"ಅವು ನಿಲ್ಲಲ್ಲ ಬುಡು ತಾತ."

"ನಮ್ಮನ್ನ ಕಂಡ್ರೆ ನಿಲ್ಲಲ್ಲ ಕಣಮ್ಮ. ಕುರಿ ಕಂಡ್ರೆ ನಿಲ್ತವೆ. ನೀನೂ ಕುರಿ ಆಗ್ಬುಡು, ಅಷ್ಟೇಯ."

ಅಮ್ಮ ಒಳಗಿನಿಂದ ಗೊಣಗಿದಳು. "ಇವತ್ತೊಂದಿನ ಬುಡವ್ವ" ಅಂದ ತಾತ, ಸೊಸೆಗೆ.

ಹುಲ್ಲುಗಾವಲಲ್ಲಿ ಮಂದೆಯನ್ನು ಗಾಳಿಗೆದುರಾಗಿ ಮೇಯಲು ಬಿಟ್ಟು, ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಕುರಿಗಳ ನಡುವೆ ಬಗ್ಗಿ ನಡೆದೆವು. ಒಳಗೆ ಉಣ್ಣೆಯ ಕಮಟು, ತಾತನ ಹೊಗೆಸೊಪ್ಪಿನ ಘಾಟು, ಬುತ್ತಿಯ ಹುಚ್ಚೆಳ್ಳು ಚಟ್ನಿಯ ವಾಸನೆ. ನನ್ನ ಸೊಂಟ ಬಿದ್ದೇಹೋಯಿತು. "ನೆಟ್ಟಗೆ ನಿಂತ್ಕಬ್ಯಾಡ" ಎಂದು ತಾತ ಪಿಸುಗುಟ್ಟಿದ. ಕುರಿಗಳು ಮೇಯುತ್ತ ಮೇಯುತ್ತ ಜಿಂಕೆಗಳ ಹಿಂಡಿಗೇ ಸೇರಿಹೋದವು. ಕಂಬಳಿ ಸರಿಸಿ ನೋಡಿದರೆ, ನಾಲ್ಕು ಮಾರು ದೂರದಲ್ಲಿ ಕರಿ ಮೈಯ ಗಂಡು ಜಿಂಕೆ! ತಿರುಚಿದ ಕೊಂಬು, ಕಣ್ಣ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ. ಕಿವಿ ಅಲುಗಿಸಿ ನನ್ನನ್ನೇ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಅಬ್ಬಾ, ಅದು ಹುಲ್ಲು ಕೀಳುವ ಸದ್ದೂ ಕೇಳುತ್ತಿತ್ತು. ನನಗೆ ಅಳುವೇ ಬಂದುಬಿಟ್ಟಿತು.

"ಮಳೆ ಬಿದ್ಮ್ಯಾಲೆ ಮರಿ ಹಾಕ್ತವೆ. ಆಗ್ಲೂ ಕರ್ಕಂಬತ್ತೀನಿ" ಅಂದ ತಾತ.

ಬಂಡೀಪುರಕ್ಕೆ ಹೋದವರಿಗೆ ಬಸ್ಸಿನ ಕಿಟಕಿಯಿಂದ ಆನೆಯ ಬೆನ್ನು ಕಂಡಿತಂತೆ. ಅದನ್ನೇ ತಿಂಗಳುಗಟ್ಟಲೆ ಹೇಳಿಕೊಂಡು ಮೆರೆದರು.

ಮಳೆಯೇನೋ ಬಂತು. ಅಮ್ಮ ಮಾತ್ರ ನನ್ನನ್ನು ಕಳಿಸಲಿಲ್ಲ. ಕುರಿ ಹಿಂದೆ ಹೋದದ್ದು ಅದೇ ಕೊನೆ. ಸಂಜೆ ತಾತ ಜಗಲಿಯಲ್ಲಿ ಕೂತು, "ಇವತ್ತು ಎರಡು ಮರಿ ಕಂಡೆ ಕಣಮ್ಮ" ಅನ್ನುತ್ತಿದ್ದ. ನಾನು ಒಲೆ ಮುಂದೆ ರಾಗಿರೊಟ್ಟಿ ತಟ್ಟುತ್ತ ಕೇಳುತ್ತಿದ್ದೆ. ಆ ಮರಿಗಳನ್ನು ನೋಡಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಈಗ ಆ ಹುಲ್ಲುಗಾವಲು ಜಿಂಕೆಗಳಿಗೆಂದೇ ಕಾದಿಟ್ಟ ಜಾಗ, ಕುರಿ ಬಿಡುವ ಹಾಗಿಲ್ಲ. ಜಿಂಕೆಗಳಾದರೂ ಉಳಿದುಕೊಂಡವು, ಅಷ್ಟಾದರೂ ಆಯಿತು. ಹೋದ ವರ್ಷ ಮೊಮ್ಮಗಳ ಕೈ ಹಿಡಿದು ಅಲ್ಲಿ ಜಿಂಕೆ ನೋಡಲೆಂದು ಕಟ್ಟಿದ ಗೋಪುರ ಹತ್ತಿದೆ. ದೂರದಲ್ಲಿ ಕಪ್ಪು ಚುಕ್ಕೆಗಳು.

"ಕಣ್ಣೇ ಕಾಣ್ಸಲ್ಲ ಅಜ್ಜಿ. ಹತ್ರ ಹೋಗಾನ" ಅಂದಳು.

ತಾತನೂ ಇಲ್ಲ, ಮಂದೆಯೂ ಇಲ್ಲ.

"ನಮ್ಮನ್ನ ಕಂಡ್ರೆ ನಿಲ್ಲಲ್ಲ ಕಣಮ್ಮ" ಅಂದೆ.